ಹೋಗುವಾಗ ಆಡುವ ಮಾತು

ನಮ್ಮ ತವರಿನಲ್ಲಿ ಹೊರಡುವಾಗ ಯಾರೂ ‘ಹೋಗ್ತೀನಿ’ ಅನ್ನುವ ಹಾಗಿರಲಿಲ್ಲ. ಬಾಯಿ ತಪ್ಪಿ ಅಂದರೆ ಅಜ್ಜಿ ‘ಬಿಡ್ತು ಅನ್ನು, ಬಿಡ್ತು ಅನ್ನು’ ಎಂದು ಗದರಿ, ಚಪ್ಪಲಿ ಬಿಚ್ಚಿಸಿ, ಒಳಗೆ ಕೂರಿಸಿ, ಒಂದು ಲೋಟ ನೀರು ಕುಡಿಸಿ, ‘ಈಗ ಸರಿಯಾಗಿ ಹೇಳಿ ಹೊರಡು’ ಎನ್ನುತ್ತಿದ್ದಳು. ಸರಿಯಾಗಿ ಅಂದರೆ ‘ಬರ್ತೀನಿ’. ಕಾಲೇಜಿಗೆ ಹೊರಟರೂ ಬರ್ತೀನಿ, ಗಂಡನ ಮನೆಗೆ ಹೊರಟರೂ ಬರ್ತೀನಿ. ಮದುವೆಯಾಗಿ ದಿಲ್ಲಿಯ ರೈಲು ಹತ್ತಿದಾಗಲೂ ಅದನ್ನೇ ಹೇಳಿ ಬಂದವಳು ನಾನು. ಈ ಒಂದು ಮಾತು ಮುಂದೆ ನನ್ನ ಶನಿವಾರಗಳನ್ನೆಲ್ಲ ನುಂಗಿ ನೀರು ಕುಡಿಯುತ್ತದೆ ಎಂದು ಅಜ್ಜಿಗಾದರೂ ಹೇಗೆ ಗೊತ್ತಿರಬೇಕು?

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನನ್ನ ಗಂಡ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಗುಮಾಸ್ತರು. ನಾನು ಗುರ್‌ಗಾಂವ್‌ನ ಒಂದು ಕಂಪೆನಿಯ ಅಕೌಂಟ್ಸ್ ವಿಭಾಗದಲ್ಲಿದ್ದೆ. ನಮ್ಮ ಮನೆ ಮಯೂರ್ ವಿಹಾರ್‌ನಲ್ಲಿ. ಮೆಟ್ರೋ ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಬೆಳಗ್ಗೆ ಕ್ಯಾಬಿನಲ್ಲಿ ಕೂತರೆ ಯಮುನೆ ದಾಟಿ, ಆಶ್ರಮ್ ಚೌಕದ ಜಾಮಿನಲ್ಲಿ ಸಿಕ್ಕಿ, ಆಫೀಸು ಮುಟ್ಟುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಉಳಿದರ್ಧ ವಾಪಸು ಬರುವಾಗ ಹೋಗುತ್ತಿತ್ತು. ಶನಿವಾರ, ಭಾನುವಾರ ರಜೆ. ಭಾನುವಾರ ಬಟ್ಟೆಬರೆ, ನೆಂಟರು. ಶನಿವಾರ ಮಾತ್ರ ನನ್ನದು. ಅವತ್ತು ನಾನು ಹನ್ನೊಂದು ಗಂಟೆಯವರೆಗೆ ತಲೆ ಕೂಡ ಬಾಚುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಕಂಪೆನಿಗೆ ಸಮಾಜಸೇವೆಯ ಹುಚ್ಚು ಹಿಡಿಯಿತು. ನೌಕರರು ರಜೆಯ ದಿನ ಯಾವುದಾದರೂ ಸಂಸ್ಥೆಯಲ್ಲಿ ಸೇವೆ ಮಾಡಬೇಕು, ಮಾಡಿದರೆ ಆ ಸಂಸ್ಥೆಗೆ ಕಂಪೆನಿ ಗ್ರಾಂಟ್ ಕೊಡುತ್ತದೆ. ಎಲ್ಲರೂ ಸ್ವಂತ ಇಚ್ಛೆಯಿಂದ ಬರತಕ್ಕದ್ದು, ಹಾಜರಿ ತೆಗೆದುಕೊಳ್ಳಲಾಗುವುದು ಎಂದು ಎಚ್‌ಆರ್‌ನಿಂದ ಮೇಲ್ ಬಂತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲ ಸೇವೆಗೆ ಆರಿಸಿದ್ದು ಎಲ್ಲಿಯದನ್ನು? ನಮ್ಮ ಸೊಸೈಟಿಯಿಂದ ನಾಲೆ ದಾಟಿದರೆ ಸಿಗುವ ಬಸ್ತಿಯಲ್ಲಿ, ಅಂದರೆ ಬಡವರ ಕೇರಿಯಲ್ಲಿ, ಇದ್ದ ಹೆಂಗಸರ ಕೇಂದ್ರವನ್ನು! ಒಂದೇ ಕೋಣೆ. ಹೊಲಿಗೆ ಮೆಷಿನ್ನುಗಳು, ಒಂದು ಕರಿಹಲಗೆ. ಶಾಲೆ ಬಿಟ್ಟ ಹೆಂಗಸರು ಮನೆಯಲ್ಲೇ ಓದಿ ಹತ್ತನೇ ಪರೀಕ್ಷೆಗೆ ಕೂರುವ ವ್ಯವಸ್ಥೆ ಇತ್ತಲ್ಲ, ಅದಕ್ಕೆ ಅಲ್ಲಿ ಪಾಠ ನಡೆಯುತ್ತಿತ್ತು. ನಡೆಸುತ್ತಿದ್ದವರು ಎಲ್ಲರಿಂದ ದೀದಿ ಎನಿಸಿಕೊಂಡಿದ್ದ, ಕೂದಲು ನೆರೆತ, ಗಟ್ಟಿ ಗಂಟಲಿನ ಹೆಂಗಸು.

ನಾವು ಬಸ್ಸಿನಲ್ಲಿ ಹೋಗಿ ಇಳಿದೆವು. ಕಂಪೆನಿಯ ಹಳದಿ ಟೀ-ಶರ್ಟು ಎಲ್ಲರಿಗೂ ಒಂದೇ ಅಳತೆ. ನನ್ನದು ಮೊಣಕಾಲು ಮುಟ್ಟುತ್ತಿತ್ತು. ದೀಪಾವಳಿಗೆಂದು ಅವರು ಆಗಷ್ಟೇ ಸುಣ್ಣ ಬಳಿಸಿದ್ದ ಗೋಡೆಗೆ ನಾವು ನೀಲಿ ಬಣ್ಣ ಬಳಿದು, ಅದರ ಮೇಲೆ ಸೂರ್ಯಕಾಂತಿ ಬರೆದು, ಫೋಟೋ ತೆಗೆಸಿಕೊಂಡೆವು. ಹೆಂಗಸರು ಪಾಪ, ಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಹೊರಡುವಾಗ ನನ್ನ ಸಹೋದ್ಯೋಗಿಗಳು ಬೈ ಬೈ ಎಂದು ಕೈಬೀಸಿ ಬಸ್ಸು ಹತ್ತಿದರು. ನಾನು ಮಾತ್ರ ಮರ್ಯಾದೆಯಿಂದ ಬಾಗಿಲಲ್ಲಿ ನಿಂತು, ಅಜ್ಜಿ ಕಲಿಸಿದ್ದನ್ನು ಹಾಗೇ ಹಿಂದಿಗೆ ತಿರುಗಿಸಿ, ಒಬ್ಬೊಬ್ಬರಿಗೂ ಕೈಮುಗಿದು ಹೇಳಿದೆ: “ಅಚ್ಛಾ, ಮೈ ಆತೀ ಹೂಂ.”

ಮುಂದಿನ ಶನಿವಾರ ನಾನು ತಲೆ ಬಾಚದೆ ಕಾಫಿ ಕುಡಿಯುತ್ತಿದ್ದಾಗ ಎಚ್‌ಆರ್‌ನವನ ಫೋನು ಬಂತು. ಅವನ ದನಿಯಲ್ಲಿ ಮದುವೆ ಮನೆಯ ಸಡಗರ. “ಮ್ಯಾಡಮ್, ಎಲ್ಲಿದ್ದೀರಿ? ದೀದಿ ಫೋನ್ ಮಾಡಿದ್ರು. ಕನ್ನಡಕದ ಮೇಡಂ ಬರ್ತೀನಿ ಅಂತ ಮಾತು ಕೊಟ್ಟಿದ್ರಂತೆ, ಹೆಂಗಸರೆಲ್ಲ ಕಾಯ್ತಾ ಕೂತಿದ್ದಾರಂತೆ. ನಿಮ್ಮ ಕಮಿಟ್‌ಮೆಂಟ್ ದೊಡ್ಡದು, ಮ್ಯಾಡಮ್!”

ಯಾವ ಮಾತು? ಯಾರಿಗೆ ಕೊಟ್ಟೆ? ನನಗೆ ತಲೆಬುಡ ತಿಳಿಯಲಿಲ್ಲ. ಬಿಡಿಸಿ ಹೇಳಿದ್ದು ದಿಲ್ಲಿಯಲ್ಲೇ ಹುಟ್ಟಿ ಬೆಳೆದ ನನ್ನ ಮಗಳು, ಮೂರನೇ ಕ್ಲಾಸಿನವಳು. “ಅಮ್ಮಾ, ‘ಆತೀ ಹೂಂ’ ಅಂದ್ರೆ ವಾಪಸ್ ಬರ್ತೀನಿ ಅಂತ ಪ್ರಾಮಿಸ್. ಹೋಗೋವಾಗ ‘ಚಲತೀ ಹೂಂ’ ಬೋಲ್‌ನಾ ಹೋತಾ ಹೈ. ಇಷ್ಟೂ ನಹೀ ಪತಾ?”

ಗಂಡ ಪೇಪರಿನ ಹಿಂದಿನಿಂದಲೇ ಕಿಸಕ್ಕನೆ ನಕ್ಕರು. “ಇರಲಾರದೆ ಇರುವೆ ಬಿಟ್ಕೊಂಡೆ ನೋಡು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.”

“ನೀವು ಸುಮ್ನಿರಿ,” ಎಂದು ರೇಗಿ, ಅವತ್ತೊಂದು ದಿನ ಹೋಗಿ ಸ್ಪಷ್ಟವಾಗಿ ಹೇಳಿ ಬಂದುಬಿಡೋಣ ಎಂದು ಚಪ್ಪಲಿ ಮೆಟ್ಟಿದೆ. ಹೋದೆ. ಚಾಪೆ ಹಾಸಿ, ಬಳಪ ಇಟ್ಟು ಕಾದಿದ್ದರು. ಇಂಗ್ಲಿಷು, ಲೆಕ್ಕ ಎರಡಕ್ಕೂ ಕಲಿಸುವವರಿರಲಿಲ್ಲವಂತೆ. ಅವತ್ತು ಭಿನ್ನರಾಶಿ ಕಲಿಸಿ, ಟೀ ಕುಡಿದು, ಎದ್ದು ಬಾಗಿಲಿಗೆ ಬಂದಾಗ ‘ಚಲತೀ ಹೂಂ’ ಅನ್ನಬೇಕೆಂದು ಬಾಯಿ ತೆರೆದೆ. ನಾಲಿಗೆಯ ತುದಿಯವರೆಗೆ ಬಂದ ಮಾತು ಅಲ್ಲೇ ನಿಂತಿತು. ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಆದರೂ ‘ಬಿಡ್ತು ಅನ್ನು’ ಎಂದದ್ದು ಕಿವಿಯಲ್ಲೇ ಕೇಳಿದ ಹಾಗಾಯಿತು. “ಆತೀ ಹೂಂ,” ಎಂದೆ. ಮುಗೀತು ಕಥೆ.

ಸೋಮವಾರ ನೋಡಿದರೆ ಎಚ್‌ಆರ್‌ನವನು ಗ್ರಾಂಟಿನ ಕಾಗದಗಳಲ್ಲಿ ಜವಾಬ್ದಾರಿ ನೌಕರಳೆಂದು ನನ್ನನ್ನು ಹಾಕಿ ಮೇಲಕ್ಕೆ ಕಳಿಸಿಯೂ ಆಗಿತ್ತು. ನಿಯಮ ಹೀಗಿತ್ತು: ಗ್ರಾಂಟ್ ಎರಡು ಕಂತಿನಲ್ಲಿ ಬರುತ್ತದೆ, ಎರಡನೆಯದು ಬರಬೇಕಾದರೆ ಅದೇ ನೌಕರಳು ಕೊನೆಯವರೆಗೂ ಸೇವೆಗೆ ಹೋಗುತ್ತಿರಬೇಕು, ಕಂಪೆನಿಯಲ್ಲೂ ಇರಬೇಕು. ನಾನು ಆಗದು ಎನ್ನಬಹುದಿತ್ತು. ಆದರೆ ಅಂದು ಬೆಳಗ್ಗೆಯೇ ನನ್ನ ಬಾಸು ಎಲ್ಲರೆದುರು ನನ್ನನ್ನು ಎಬ್ಬಿಸಿ ನಿಲ್ಲಿಸಿ, ಇಂಥ ನೌಕರಳು ನಮ್ಮ ಹೆಮ್ಮೆ ಎಂದು ಚಪ್ಪಾಳೆ ಹೊಡೆಸಿದ್ದ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಅಂದರೆ ಇದೇ. ಹೀಗೆ ನನ್ನ ಶನಿವಾರ ಹೋಯಿತು. ಪ್ರತಿ ವಾರ ಉರಿದುಕೊಂಡೇ ನಾಲೆ ದಾಟುತ್ತಿದ್ದೆ.

ಹುಡುಗಿಯೊಬ್ಬಳ ವಿಷಯ ಹೇಳಬೇಕು. ಇದೆಲ್ಲ ಅವಳ ಕಥೆಯೇ.

ಆಗ ಅವಳಿಗೆ ಹತ್ತೊಂಬತ್ತೋ ಇಪ್ಪತ್ತೋ. ಪಶ್ಚಿಮ ಉತ್ತರಪ್ರದೇಶದ ಯಾವುದೋ ಹಳ್ಳಿಯಿಂದ ಬಸ್ತಿಯ ಒಂದು ಮನೆಗೆ ಸೊಸೆಯಾಗಿ ಬಂದವಳು. ಒಂಬತ್ತನೇ ಕ್ಲಾಸಿನಲ್ಲಿರುವಾಗ ಬಿಡಿಸಿ ಮದುವೆ ಮಾಡಿದ್ದರು. ಗಂಡ ಟ್ರಕ್ ಡ್ರೈವರು, ತಿಂಗಳಿಗೊಮ್ಮೆ ಬರುವವನು. ಮನೆಯಲ್ಲಿ ಅತ್ತೆ, ಇವಳು ಇಬ್ಬರೇ. ಸೆರಗನ್ನು ಮೂಗಿನವರೆಗೆ ಎಳೆದುಕೊಂಡೇ ಕೇಂದ್ರಕ್ಕೆ ಬರುವಳು. ಹಿಂದೆಯೇ ಅತ್ತೆ ಬರುವಳು. ಪಾಠ ಮುಗಿಯುವವರೆಗೆ ಅತ್ತೆ ಹೊಸ್ತಿಲ ಮೇಲೆ ಬಟಾಣಿ ಬಿಡಿಸುತ್ತಲೋ ಮೆಂತ್ಯದ ಸೊಪ್ಪು ಸೋಸುತ್ತಲೋ ಕೂತಿರುತ್ತಿದ್ದಳು. ದಪ್ಪ ಕನ್ನಡಕ, ಮಂಡಿನೋವು, ಕತ್ತರಿಯಂಥ ಬಾಯಿ. ದೀದಿಯ ಪಾಠಕ್ಕೆ ಸೊಸೆಯನ್ನು ಕಳಿಸುತ್ತಿರಲಿಲ್ಲ. ಶನಿವಾರ ಮಾತ್ರ, ಅದೂ ದಫ್ತರಿನ ಮೇಡಂ ಬಂದರೆ ಮಾತ್ರ. ನಾನು ಬಂದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಸೊಸೆಯನ್ನು ಮನೆಯಿಂದ ಹೊರಡಿಸುತ್ತಿದ್ದಳು.

ಹುಡುಗಿ ಚೂಟಿ. ಒಮ್ಮೆ ಹೇಳಿದರೆ ಸಾಕು. ಸೆರಗಿನೊಳಗಿಂದಲೇ ಲೆಕ್ಕ ಬಿಡಿಸಿ, ಸ್ಲೇಟು ಮುಂದೆ ತಳ್ಳುತ್ತಿದ್ದಳು. ಲೆಕ್ಕದ ನಡುನಡುವೆ, ಅತ್ತೆಗೆ ಕೇಳದ ಹಾಗೆ, ಅಷ್ಟಷ್ಟೇ ಮಾತು. ಹರಿದ್ವಾರದ ಕಡೆ ಅವಳಿಗೊಬ್ಬ ಚಿಕ್ಕಮ್ಮ ಇದ್ದಳಂತೆ, ಅಂಗನವಾಡಿ ನಡೆಸುವವಳು. “ಹತ್ತನೇದು ಮುಗಿಸ್ಕೊಂಡು ಬಾ, ಇಲ್ಲಿ ನಿನಗೊಂದು ಕೆಲಸ ನೋಡ್ತೀನಿ ಅಂದಿದಾರೆ, ಮೇಡಂಜೀ,” ಎಂದು ಒಮ್ಮೆ ಹೇಳಿದಳು. “ಒಳ್ಳೇದಾಯ್ತಲ್ಲ,” ಎಂದೆ. ಅವಳು ಸ್ಲೇಟು ಒರೆಸಿದಳು.

ಒಂದು ದಿನ ಬಾಗಿಲಲ್ಲಿ ನಾನು ‘ಆತೀ ಹೂಂ’ ಎಂದಾಗ ಫಕ್ಕನೆ ನಕ್ಕಳು. ಅವಳ ನಗು ನಾನು ಕೇಳಿದ್ದು ಅದೇ ಮೊದಲು. “ಮೇಡಂಜೀ, ಹೋಗೋವಾಗ ಬರ್ತೀನಿ ಅಂತೀರಲ್ಲ ಯಾಕೆ?”

“ನಮ್ಮ ಕಡೆ ಹಾಗೇ ಕಣಮ್ಮ. ಹೋಗೋರು ‘ಹೋಗ್ತೀನಿ’ ಅನ್ನಬಾರದು. ಅಪಶಕುನ. ‘ಬರ್ತೀನಿ’ ಅನ್ನಬೇಕು.”

“ಬ-ರ್ತೀ-ನಿ,” ಎಂದು ಅವಳು ನಮ್ಮ ಭಾಷೆಯ ಮಾತನ್ನೇ ಬಾಯಲ್ಲಿ ಹೊರಳಿಸಿ ನೋಡಿದಳು. “ಮತ್ತೆ, ವಾಪಸ್ ಬರೋ ಮನಸ್ಸೇ ಇಲ್ಲದೋರು ಏನಂತಾರೆ?”

“ಅವರೂ ಅದನ್ನೇ ಅಂತಾರೆ.”

“ಅಚ್ಛಾ!” ಎಂದಳು. ಹೊಸ್ತಿಲಿನಿಂದ ಅತ್ತೆ ಕೆಮ್ಮಿದಳು. ಹುಡುಗಿ ಸೆರಗು ಎಳೆದುಕೊಂಡಳು.

ಮೊದಲ ಕಂತು ಬಂದ ದಿನ ಕಂಪೆನಿಯವರು ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ ಹೊತ್ತು ಬಂದರು. ಫಲಾನುಭವಿಗಳು ಹಿಡಿದುಕೊಳ್ಳಲಿ ಎಂದ ಎಚ್‌ಆರ್‌ನವನು. ಸೊಸೆ ಮುಖ ತೋರಿಸಿ ಫೋಟೋಗೆ ನಿಲ್ಲುವುದುಂಟೇ? ಶಾಂತಂ ಪಾಪಂ! ಅತ್ತೆಯೇ ಎದ್ದು, ಮಂಡಿ ಹಿಡಿದುಕೊಂಡು ಬಂದು, ಚೆಕ್ಕಿನ ಒಂದು ತುದಿ ಹಿಡಿದು, ಮುಖ ಗಂಟಿಕ್ಕಿ ನಿಂತಳು. ಆ ಫೋಟೋಗೆ ಚೌಕಟ್ಟು ಹಾಕಿಸಿ ಕೊಟ್ಟರು. ಅಂದಿನಿಂದ ಅವಳ ವರಸೆಯೇ ಬದಲಾಯಿತು. ನನ್ನ ಸೊಸೆಯ ಪರೀಕ್ಷೆ ಕಂಪೆನಿಯೇ ಬರೆಸುತ್ತಿದೆ ಎಂದು ಗಲ್ಲಿಯೆಲ್ಲ ಹೇಳಿಕೊಂಡು ಬಂದಳು. ಪರೀಕ್ಷೆಗೆ ಕಳಿಸಲು ಒಪ್ಪಿದಳು. ಒಂದು ಷರತ್ತು ಮಾತ್ರ: ಪ್ರತಿ ಪೇಪರಿಗೂ ಅವಳೂ ಜೊತೆಗೆ ಬರುತ್ತಾಳೆ, ಮೇಡಂ ಕೂಡ ಬರಬೇಕು.

ಚಳಿಗಾಲದಲ್ಲಿ ನನ್ನ ಪಾಲಿಗೊಂದು ಬಾಗಿಲು ತೆರೆಯಿತು. ನಮ್ಮ ಸೊಸೈಟಿಯಿಂದ ನಡೆದೇ ಹೋಗಬಹುದಾದ ಒಂದು ಶಾಲೆಯಲ್ಲಿ ಲೆಕ್ಕದ ಟೀಚರ್ ಬೇಕಾಗಿತ್ತು. ಸಂದರ್ಶನಕ್ಕೆ ಹೋದೆ, ಒಪ್ಪಿದರು. ಅಯ್ಯೋ, ಆ ದಿನ ನಾನು ಪಟ್ಟ ಸಂತೋಷ! ಆಶ್ರಮ್ ಚೌಕಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಬರುವ ತಿಂಗಳೇ ಸೇರಬೇಕು, ಶನಿವಾರವೂ ಶಾಲೆ ಇರುತ್ತದೆ ಎಂದರು. ನಾನು ಕಂಪೆನಿ ಬಿಟ್ಟರೆ ಎರಡನೇ ಕಂತು ನಿಲ್ಲುತ್ತದೆ. ಅದು ನಿಂತರೆ ಕೇಂದ್ರದ ಬಾಡಿಗೆ ನಿಲ್ಲುತ್ತದೆ. ಕೋಣೆಯನ್ನು ಗೋದಾಮು ಮಾಡಲು ಮಾಲೀಕ ತುದಿಗಾಲಲ್ಲಿ ನಿಂತಿದ್ದ. ಆಗಲಿ, ನಾನೇನು ಊರಿಗೆಲ್ಲ ಹರಕೆ ಹೊತ್ತಿದ್ದೇನೆಯೇ ಎಂದು ಗಂಡನ ಮುಂದೆ ಕೂಗಾಡಿದೆ. “ನಿನ್ನಿಷ್ಟ,” ಎಂದರು ಅವರು. ನಿನ್ನಿಷ್ಟ ಅಂದರೆ ಆಯಿತೇ? ಅದಕ್ಕೂ ಒಂದು ಜಗಳ ಆಯಿತು.

ಆ ವಾರ ನಡುವೆ ಒಂದು ಸರ್ಕಾರಿ ರಜೆ ಬಂತು. ವಿಷಯ ಹೇಳಿಬಿಡೋಣ, ಹಾಗೇ ಹುಡುಗಿಗೆ ಒಂದು ಗೈಡ್ ಕೊಟ್ಟು ಬರೋಣ ಎಂದು ಅವಳ ಮನೆ ಹುಡುಕಿಕೊಂಡು ಹೋದೆ. ಬಾಗಿಲಿಗೆ ಹೊರಗಿನಿಂದ ಬೀಗ. ಯಾರೂ ಇಲ್ಲವೆಂದು ತಿರುಗುವಷ್ಟರಲ್ಲಿ ಕಿಟಕಿಯ ಸರಳಿನ ಹಿಂದೆ ಬಳೆ ಸದ್ದಾಯಿತು.

“ಮೇಡಂಜೀ, ನಾನು ಒಳಗೇ ಇದೀನಿ. ಅಮ್ಮ ಮಂಡಿಗೆ ಔಷಧಿ ತರೋಕೆ ಹೋಗಿದಾರೆ. ಚಾವಿ ಅವರ ಹತ್ರಾನೇ ಇರುತ್ತೆ.”

“ದಿನಾ ಹೀಗೇನಾ?”

“ಶನಿವಾರ ಇಲ್ವಲ್ಲ,” ಎಂದಳು ಅವಳು, ನನ್ನನ್ನೇ ಸಮಾಧಾನ ಮಾಡುವ ಹಾಗೆ.

ಸೆರಗು ಇರಲಿಲ್ಲ. ಅವಳ ಪೂರ್ತಿ ಮುಖ ನೋಡಿದ್ದು ಅಂದೇ. ಹಿಂದಿನ ಗೋಡೆಯ ಮೇಲೆ ಚೆಕ್ ಹಿಡಿದ ಅತ್ತೆಯ ಫೋಟೋ ಕಾಣುತ್ತಿತ್ತು. ಗೈಡನ್ನು ಸರಳಿನ ಸಂದಿಯಲ್ಲಿ ತೂರಿಸಿದೆ. ಹೇಳಬೇಕೆಂದು ದಾರಿಯುದ್ದಕ್ಕೂ ಹಿಂದಿಯಲ್ಲಿ ಕಟ್ಟಿಕೊಂಡು ಬಂದಿದ್ದ ವಾಕ್ಯ ಎಲ್ಲಿ ಹೋಯಿತೋ. “ಆತೀ ಹೂಂ,” ಎಂದೆ. ಅಂದದ್ದಕ್ಕೆ ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ನಾನು ಒಲ್ಲೆನೆಂದೆ, ಶಾಲೆಯ ಕೆಲಸ ಬೇರೆಯವರಿಗೆ ಸಿಕ್ಕಿತು. ನಾನು ಮಹಾತಾಯಿ ಏನಲ್ಲ. ಆ ಹೊಟ್ಟೆಯುರಿ ಬಹಳ ದಿನ ಇತ್ತು. ಆ ಶಾಲೆಯ ಗಂಟೆ ನಮ್ಮ ಬಾಲ್ಕನಿಗೆ ಕೇಳಿಸುತ್ತಿತ್ತು. ಬೆಳಗ್ಗೆ ಗಂಟೆ ಹೊಡೆದಾಗ ನಾನು ಕ್ಯಾಬಿಗೆ ಕಾಯುತ್ತಿದ್ದೆ. ಹುಡುಗಿಯ ಮೇಲೆ ಕೂಡ ಸಿಟ್ಟು ಬರುತ್ತಿತ್ತು. ಮರುಕ್ಷಣವೇ ಆ ಬೀಗ ನೆನಪಾಗುತ್ತಿತ್ತು. ಶನಿವಾರ ಮತ್ತೆ ನಾಲೆ ದಾಟುತ್ತಿದ್ದೆ.

ಬಿಸಿಲು ಶುರುವಾಗುವ ಹೊತ್ತಿಗೆ ಪರೀಕ್ಷೆ ಬಂತು. ರಜೆ ಹಾಕಿ ಪ್ರತಿ ಪೇಪರಿಗೂ ಹೋದೆ. ಪರೀಕ್ಷೆ ನಡೆಯುತ್ತಿದ್ದ ಶಾಲೆಯ ಗೇಟಿನ ಎದುರು ಒಂದು ಬೇವಿನ ಮರ, ಅದರ ಸುತ್ತ ಕಟ್ಟೆ. ಅತ್ತೆ, ನಾನು ಅಲ್ಲಿ ಕೂರುತ್ತಿದ್ದೆವು. ಅವಳು ಮನೆಯಿಂದ ಪರೋಟ ತರುತ್ತಿದ್ದಳು, ನಾನು ಚಿತ್ರಾನ್ನ ಒಯ್ಯುತ್ತಿದ್ದೆ. “ಹಳದಿ ಅನ್ನ, ಸಿಹಿಯೂ ಇಲ್ಲ, ಏನೂ ಇಲ್ಲ,” ಎಂದು ಗೊಣಗುತ್ತಲೇ ಡಬ್ಬಿ ಖಾಲಿ ಮಾಡುತ್ತಿದ್ದಳು. ಒಂದು ದಿನ ತಾನಾಗಿಯೇ ಹೇಳಿದಳು, “ಬೀಗ ಹಾಕ್ತೀನಿ ಅಂತ ನಿನಗೆ ನನ್ನ ಮೇಲೆ ಕೋಪ. ನನಗೆ ಗೊತ್ತು. ನನ್ನ ಮಗ ಹೇಳಿ ಹೋಗ್ತಾನೆ, ಅವಳು ಎಲ್ಲಾದರೂ ಹೋದರೆ ನಿನ್ನನ್ನ ಸುಮ್ಮನೆ ಬಿಡಲ್ಲ ಅಂತ. ಅವನಪ್ಪನೂ ಹಂಗೇ ಇದ್ದ. ನನ್ನನ್ನೂ ಹಂಗೇ ಕೂಡಿ ಹಾಕ್ತಿದ್ದ.” ನಾನು ಇನ್ನೊಂದು ಚಮಚ ಚಿತ್ರಾನ್ನ ಹಾಕಿದೆ.

ಈ ಪರೀಕ್ಷೆ ಮುಗಿದರೆ ಸಾಕು, ಇನ್ನು ಓದು ಗೀದು ಏನೂ ಇಲ್ಲ, ಶನಿವಾರವೂ ಇಲ್ಲ ಎಂದು ಮಗ ಹೇಳಿದ್ದಾನಂತೆ. ಅದನ್ನೂ ಅವಳೇ ಹೇಳಿದಳು.

ಕೊನೆಯ ಪೇಪರು ಲೆಕ್ಕದ್ದು. ಗೇಟಿನ ಮುಂದೆ ಹುಡುಗಿ ಬಾಗಿ ಅತ್ತೆಯ ಕಾಲು ಮುಟ್ಟಿದಳು. ಬೇರೆ ದಿನ ಮುಟ್ಟಿರಲಿಲ್ಲ. ಕೊನೆಯ ಪೇಪರಲ್ಲವೇ, ಅದಕ್ಕೇ ಅಂದುಕೊಂಡೆ. “ಆತೀ ಹೂಂ, ಅಮ್ಮಾ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಸೆರಗು ಸ್ವಲ್ಪ ಸರಿಸಿ, ಅಚ್ಚ ಕನ್ನಡದಲ್ಲಿ, “ಬರ್ತೀನಿ,” ಎಂದಳು. ಏನು ಮುದ್ದಾಗಿ ಹೇಳಿದಳು ಅಂತೀರಿ! “ಹೂಂ, ಹೋಗಿ ಬಾ ಪುಟ್ಟಿ,” ಎಂದು ಕನ್ನಡದಲ್ಲೇ ಹರಸಿದೆ. ಹುಡುಗಿಯರ ಗುಂಪಿನಲ್ಲಿ ಅವಳ ಕೆಂಪು ಸೆರಗು ಒಳಗೆ ಹೋಯಿತು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಎರಡನೇ ಕಂತು ಬಂತು, ಮರುವರ್ಷ ಕಂಪೆನಿಗೆ ಗಿಡ ನೆಡುವ ಹುಚ್ಚು ಹಿಡಿಯಿತು, ಕೇಂದ್ರದ ಕೋಣೆ ಕೊನೆಗೂ ಗೋದಾಮಾಯಿತು. ನಾನು ಆಶ್ರಮ್ ಚೌಕದ ಜಾಮಿನಲ್ಲಿ ಇನ್ನೂ ಬಹಳ ವರ್ಷ ಕೂತೆ. ಹುಡುಗಿ ತಾನು ಚಿಕ್ಕಮ್ಮನ ಮನೆಯಲ್ಲಿದ್ದೇನೆ, ಚೆನ್ನಾಗಿದ್ದೇನೆ ಎಂದು ಆಮೇಲೆ ದೀದಿಗೆ ಫೋನ್ ಮಾಡಿದಳು. ಪಾಸೂ ಆದಳು. ಆದರೆ ಆ ಮಧ್ಯಾಹ್ನ ಬೇವಿನ ಮರದ ಕೆಳಗೆ ಇದ್ಯಾವುದೂ ನನಗೆ ಗೊತ್ತಿರಲಿಲ್ಲ.

ಗಂಟೆ ಹೊಡೆಯಿತು. ಹುಡುಗಿಯರು ಗುಂಪಾಗಿ ಹೊರಬಂದರು. ಗುಂಪು ಕರಗಿತು. ಒಬ್ಬಿಬ್ಬರು ಬಂದರು. ಆಮೇಲೆ ಮೇಷ್ಟರುಗಳು ಬಂದು ಸ್ಕೂಟರ್ ಹತ್ತಿದರು. ಕಾವಲುಗಾರ ಗೇಟಿಗೆ ಚಿಲಕ ಹಾಕಿದ. ಒಳಗೆ ಯಾರೂ ಇಲ್ಲ, ಹಿಂದಿನ ಗೇಟಿನಿಂದಲೂ ಮಕ್ಕಳು ಹೋದರು ಎಂದ. ಹಿಂದೆ ಒಂದು ಗೇಟಿದೆ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

“ಬರ್ತಾಳೆ,” ಎಂದಳು ಅತ್ತೆ. “ಆತೀ ಹೂಂ ಅಂತ ಹೇಳಿ ಹೋಗಿದಾಳಲ್ಲ.”

ಆಗ ನನಗೆ ಅರ್ಥವಾಯಿತು. ಸಂತೋಷಕ್ಕೆ ಕೂಗಬೇಕು ಅನ್ನಿಸಿತು. ಪಕ್ಕದಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿದ್ದವಳನ್ನು ನೋಡಿದೆ. ಇವಳು ಇವತ್ತು ಮನೆಗೆ ಹೋಗಿ, ಬೀಗ ತೆಗೆದು, ಮಗ ಬರುವುದನ್ನು ಕಾಯಬೇಕು. ಬಿಸಿಲು ಮರದ ನೆರಳನ್ನು ದಾಟಿ ಅವಳ ಕಾಲಿನ ಮೇಲೆ ಬಿದ್ದಿತ್ತು. ತುಟಿ ಒಣಗಿತ್ತು. ರಸ್ತೆಯಾಚೆ ಒಬ್ಬ ಭಯ್ಯಾ ತಣ್ಣೀರಿನ ಗಾಡಿ ನಿಲ್ಲಿಸಿದ್ದ. ನೀರು ತರೋಣ ಎಂದು ಎದ್ದೆ.

“ಮೈ ಆತೀ ಹೂಂ,” ಎಂದೆ.

ಎರಡು ಹೆಜ್ಜೆ ಇಟ್ಟಿರಲಿಲ್ಲ, ದುಪಟ್ಟಾ ಹಿಂದಕ್ಕೆ ಜಗ್ಗಿತು. ತಿರುಗಿ ನೋಡಿದೆ. ಅದರ ತುದಿ ಮುದುಕಿಯ ಮುಷ್ಟಿಯಲ್ಲಿತ್ತು. ಕನ್ನಡಕದ ಹಿಂದೆ ಕಣ್ಣು ತುಂಬಿತ್ತು. ಅವಳಿಗೂ ಎಲ್ಲ ತಿಳಿದುಹೋಗಿತ್ತು.

“ಹಾಗನ್ನಬೇಡ,” ಎಂದಳು. “ನೀನೂ ಹಾಗಂದು ಹೋಗಬೇಡ.”